ಗುರುಮಲ್ಲಕ್ಕ ಖಾಲಿ ಬ್ಯಾಗು ಕೊಡುತ್ತಿರಲಿಲ್ಲ

ಗಂಡಸಿನ ಅಂಗಿಗೆ ಎದೆಯ ಮೇಲೊಂದು ಜೇಬು, ಪ್ಯಾಂಟಿಗೆ ಎರಡೂ ಪಕ್ಕ ಜೇಬು, ಸಾಲದು ಅಂತ ಹಿಂದುಗಡೆಯೂ ಒಂದು. ಹೆಂಗಸಿನ ಸೀರೆ ಅಷ್ಟುದ್ದ ಇದ್ದರೂ ಅದಕ್ಕೆ ಒಂದೇ ಒಂದು ಜೇಬಿಲ್ಲ. ಯಾವ ಪುಣ್ಯಾತ್ಮ ಹೀಗೆ ತೀರ್ಮಾನ ಮಾಡಿದನೋ, ಎದುರಿಗೆ ಸಿಕ್ಕರೆ ಅವನನ್ನು ಎರಡು ಮಾತು ಕೇಳಬೇಕು ಅಂತ ನನಗೆ ಬಹಳ ದಿನದಿಂದ ಇದೆ. ನಮ್ಮಜ್ಜಿ ಸೊಂಟಕ್ಕೆ ಎಲಡಿಕೆ ಚೀಲ ಸಿಕ್ಕಿಸಿಕೊಂಡಳು. ನಮ್ಮವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ರವಿಕೆಯೊಳಗೆ ಪುಟ್ಟ ಪರ್ಸು ಇಟ್ಟುಕೊಂಡೆ. ಕೊನೆಗೂ ಹೆಗಲಿಗೆ ಬ್ಯಾಗು ಬಂತು. ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಆ ಬ್ಯಾಗು ಮಾರಿದವಳು ನಾನು, ಫ್ಯಾನ್ಸಿ ಸ್ಟೋರಿನ ಪುಟ್ಟಿ. ಆದರೆ ಬ್ಯಾಗು ಅಂದರೆ ಏನು ಅಂತ ನನಗೆ ತೋರಿಸಿಕೊಟ್ಟವಳು ಪಕ್ಕದ ಫೋಟೋ ಸ್ಟುಡಿಯೋದ ಗುರುಮಲ್ಲಮ್ಮ. ನನಗಿಂತ ದೊಡ್ಡವಳು, ನಾನು ಗುರುಮಲ್ಲಕ್ಕ ಅನ್ನುತ್ತಿದ್ದೆ. ಬಹುವಚನ ಹಾಕಿ ಮಾತಾಡಿದರೆ ಬೈಯುತ್ತಿದ್ದಳು, ಅದಕ್ಕೇ ಇಲ್ಲೂ ಹಾಕುವುದಿಲ್ಲ.

ಸ್ಟುಡಿಯೋ ಶುರು ಮಾಡಿದವನು ಅವಳ ಗಂಡ ದೊಡ್ಡಮಲ್ಲಪ್ಪ. ಒಳಕೋಣೆಯಲ್ಲಿ ಬಣ್ಣ ಬಳಿದ ಪರದೆ, ಅದರಲ್ಲೊಂದು ಕೊಳ, ಕೊಳದಲ್ಲಿ ಬಾತುಕೋಳಿ. ಪಕ್ಕದಲ್ಲಿ ಮರದ ಕುರ್ಚಿ, ಪ್ಲಾಸ್ಟಿಕ್ ಹೂವಿನ ಕುಂಡ, ತಂತಿಯಿಲ್ಲದ ಟೆಲಿಫೋನು, ಓಡದ ವಾಚು. ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಹಾಕಿದ ವ್ಯಾನಿಟಿ ಬ್ಯಾಗುಗಳು. ಹೆಣ್ಣು ತೋರಿಸುವ ಮೊದಲು ಫೋಟೋ ಕಳಿಸುವುದು ನಮ್ಮ ಕಡೆ ರೂಢಿ. ಉಮ್ಮತ್ತೂರು, ಕುದೇರು, ಆ ಕಡೆ ಗುಂಡ್ಲುಪೇಟೆಯಿಂದಲೂ ಅವ್ವಂದಿರು ಮಗಳ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಬ್ಯಾಗಿನ ಮುಖ ಕಾಣದ ಹುಡುಗಿಯೂ ಸ್ಟುಡಿಯೋ ಬ್ಯಾಗನ್ನು ಹೆಗಲಿಗೇರಿಸಿ ನಿಂತರೆ ಓದಿದವಳ ಹಾಗೆ, ಸಂಬಳ ತರುವವಳ ಹಾಗೆ ಕಾಣಬೇಕು. ಆಸೆ ಯಾರಪ್ಪನ ಮನೆ ಗಂಟು?

ಒಮ್ಮೆ ಗುಂಡ್ಲುಪೇಟೆಯ ಹುಡುಗಿಯೊಬ್ಬಳ ಫೋಟೋ ನೋಡಿ ಗಂಡಿನ ಅವ್ವ ಕೇಳಿದಳಂತೆ: "ಹುಡ್ಗಿ ಏನ್ ಕೆಲ್ಸದಲ್ಲವ್ಳೆ?" ಹುಡುಗಿಯ ಅಪ್ಪ ನಾಚಿಕೊಂಡು, ಕೆಲಸ ಇಲ್ಲ ಕಣವ್ವ, ಬ್ಯಾಗು ಸ್ಟುಡಿಯೋದ್ದು ಅಂದನಂತೆ. ಆ ಹೆಂಗಸು ಫೋಟೋ ಇನ್ನೊಮ್ಮೆ ನೋಡಿ, "ಬ್ಯಾಗು ಒಪ್ತದ ಬುಡು ಅವಳ್ಗ. ಕೆಲ್ಸ ಆಮ್ಯಾಕ ಸೇರುಸ್ದ್ರಾಯ್ತು" ಅಂದು ಸೊಸೆ ಮಾಡಿಕೊಂಡಳು. ಆ ಹುಡುಗಿ ಆಮೇಲೆ ಮೇಷ್ಟ್ರ ಟ್ರೈನಿಂಗ್ ಮಾಡಿದಳು. ಬ್ಯಾಗು ಮೊದಲು ಬಂತು, ಕೆಲಸ ಅದರ ಹಿಂದೆ ಬಂತು!

ಹೊರಗಿನ ಕೋಣೆಯ ಗೋಡೆ ತುಂಬ ಅಂಥ ಫೋಟೋಗಳು. ಕೈಯಲ್ಲಿ ಕೆಲಸವಿಲ್ಲದ ಮಧ್ಯಾಹ್ನ ನಾನು ಅಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಾಗಿಲ ಪಕ್ಕದವು ಕಪ್ಪುಬಿಳುಪಿನವು. ಅದರಲ್ಲಿ ಹೆಂಗಸರೆಲ್ಲ ಕುರ್ಚಿಯಲ್ಲಿ ಕೂತಿದ್ದಾರೆ, ತೊಡೆಯ ಮೇಲೆ ಡಬ್ಬಿಯಂಥ ಗಟ್ಟಿ ಬ್ಯಾಗು, ಟಪ್ ಅಂತ ಮುಚ್ಚಿಕೊಳ್ಳುವ ಕೊಂಡಿ. ಆ ಬ್ಯಾಗನ್ನು ದೊಡ್ಡಮಲ್ಲಪ್ಪ ಮೈಸೂರಿನಿಂದ ತಂದದ್ದು. ಅದಾದ ಮೇಲೆ ಉದ್ದ ಪಟ್ಟಿಯ ರೆಕ್ಸಿನ್ ಬ್ಯಾಗು. ಹೆಂಗಸರು ಎದ್ದು ನಿಂತಿದ್ದಾರೆ. ಆಮೇಲೆ ಚಿನ್ನದ ಬಣ್ಣದ ಸರಪಳಿಯ ಪುಟ್ಟ ಬ್ಯಾಗು. ಅದು ಗಲ್ಫಿನಿಂದ ಕೇರಳಕ್ಕೆ ಬಂದು, ತರಕಾರಿ ಲಾರಿಯವರ ಕೈಯಲ್ಲಿ ಗುಂಡ್ಲುಪೇಟೆಗೆ ದಾಟಿ, ಅಲ್ಲಿ ಅಂಗಡಿ ಇಟ್ಟ ನನ್ನ ತಮ್ಮ ಸೋಮಶೇಖರನಿಂದ ನನಗೆ ಸಿಕ್ಕಿದ್ದು. ಬಿಸ್ಕತ್ತಿನ ಡಬ್ಬಿಗಿಂತ ಚಿಕ್ಕದು, ಮೆರೆದದ್ದು ಮಾತ್ರ ಮಹಾರಾಣಿಯ ಹಾಗೆ. ಅದರ ಹಿಂದೆ ಕನ್ನಡಿ ಚೂರು ಹೊಲಿದ ಬಟ್ಟೆ ಜೋಳಿಗೆ. ಎರಡು ಸಾವಿರದ ಇಸವಿ ದಾಟುತ್ತಿದ್ದ ಹಾಗೇ ಬಂದದ್ದು ಗಿಡ್ಡ ಪಟ್ಟಿಯ ಕಂಕುಳ ಬ್ಯಾಗು. ಅದರೊಳಗೆ ಮೊಬೈಲಿಗೆ ಬೇರೆ ಗೂಡು, ಕೈಯಲ್ಲಿ ಮೊಬೈಲ್ ಇಲ್ಲದವರೂ ಆ ಗೂಡು ಇದೆಯೋ ಇಲ್ಲವೋ ನೋಡಿ ಕೊಳ್ಳುತ್ತಿದ್ದರು.

"ಬ್ಯಾಗು ಬದಲಾದಂಗ ಹೆಂಗಸ್ರು ನಿಲ್ಲೋದೂ ಬದಲಾಗದ ನೋಡಮ್ಮಿ" ಅಂತ ಗುರುಮಲ್ಲಕ್ಕ ಒಂದು ದಿನ ತೋರಿಸಿದಳು. "ಡಬ್ಬಿ ಬ್ಯಾಗು ಇಡ್ಕಂಡವ್ಳು ಕೂತ್ಕಂಡೇ ಇರ್ಬೇಕು. ಉದ್ದ ಪಟ್ಟಿ ಬಂತು, ಎರಡು ಕೈಯೂ ಬುಡುವಾಯ್ತು. ಇಲ್ನೋಡು, ಈ ಹುಡ್ಗಿ ಬಸ್ಸಿಗ ಓಗಕ್ಕ ನಿಂತಂಗವ್ಳೆ."

ನಾನು ನೋಡಿದೆ. ನಿಜವಾಗಿಯೂ ಹಾಗೇ ಇತ್ತು. ವರ್ಷಗಟ್ಟಲೆ ಬ್ಯಾಗು ಮಾರಿದ ನನಗೆ ಪಟ್ಟಿ ಗಟ್ಟಿಯೋ, ಜಿಪ್ಪು ಸರಾಗವೋ ಅಷ್ಟೇ ಗೊತ್ತಿದ್ದದ್ದು. ಈ ಹೆಂಗಸಿಗೆ ಅದರಲ್ಲಿ ಒಂದು ಊರಿನ ಹೆಣ್ಣುಮಕ್ಕಳು ಕುರ್ಚಿಯಿಂದ ಎದ್ದು ಬೀದಿಗೆ ನಡೆದದ್ದು ಕಾಣುತ್ತಿತ್ತು. ಅಬ್ಬಾ ಅನ್ನಿಸಿತು.

ದೊಡ್ಡಮಲ್ಲಪ್ಪ ಕಾಮಾಲೆಯಲ್ಲಿ ತೀರಿಕೊಂಡಾಗ ಅವಳಿಗಿನ್ನೂ ತಲೆಗೂದಲು ನೆರೆತಿರಲಿಲ್ಲ. ಮಕ್ಕಳಿಲ್ಲ. ಗಂಡನ ಜೊತೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು, ಲೈಟು ಹಿಡಿದು ಕೆಲಸ ಕಲಿತಿದ್ದಳು. ತಿಥಿ ಮುಗಿದ ಮೇಲೆ ಬಾಗಿಲು ತೆಗೆದು ಕ್ಯಾಮೆರಾ ಹಿಂದೆ ನಿಂತಳು. ಊರು ಮೂಗು ಮುರಿಯಿತು. ಮದುವೆ ಫೋಟೋಕ್ಕೆ ಗಂಡ ಸತ್ತವಳ ಕೈಯೇ ಅಂದಿತು. ಆದರೆ ಅವ್ವಂದಿರಿಗೆ ಒಂದು ಅನುಕೂಲ ಇತ್ತು: ಸೆರಗು ಸರಿಮಾಡಿ, ಗದ್ದ ಎತ್ತಿ ನಿಲ್ಲಿಸುವವಳು ಹೆಂಗಸು. ಹಾಗಾಗಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಆಯಿತು. ಹೂವು ಮುಡಿಸುವುದು, ಕುಂಕುಮ ಇಡುವುದು ಪಕ್ಕದಂಗಡಿಯ ಮುತ್ತೈದೆ ನನ್ನ ಕೆಲಸ. ಕ್ಯಾಮೆರಾ ಮಾತ್ರ ಅವಳದು. ಅವಳ ಒಲೆ ಉರಿಯುತ್ತಿದ್ದದ್ದೇ ಈ ಹೆಣ್ಣಿನ ಫೋಟೋಗಳಿಂದ. ಯಾವಳಾದರೂ ಒಬ್ಬಳು ಅಪಶಕುನ ಅಂತ ಬಾಯಿ ಮಾಡಿದರೆ ಅವತ್ತಿಗೆ ಸ್ಟುಡಿಯೋ ಮುಗಿಯಿತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಳಕೋಣೆಗೆ ಹುಡುಗಿ ಒಬ್ಬಳನ್ನೇ ಬಿಡುತ್ತಿದ್ದಳು. "ಅವ್ವ ಎದುರ್ಗಿದ್ರ ಮಕ ಬಿಗೀತದ" ಅನ್ನುತ್ತಿದ್ದಳು. ಕುಂಕುಮ ಇಟ್ಟು ಮುಗಿದ ಮೇಲೆ ನನ್ನನ್ನೂ ಆಚೆ ಕಳಿಸುತ್ತಿದ್ದಳು. ಹುಡುಗಿ ಆಚೆ ಬರುವಾಗ ಕೈಯಲ್ಲಿ ಒಂದು ಪೊಟ್ಟಣ ಇರುತ್ತಿತ್ತು. ಏನದು ಅಂದರೆ ಅಕ್ಕಿ ಬೆಲ್ಲ. ಫೋಟೋ ಹೊತ್ತಿಗೆ ಬ್ಯಾಗಿನೊಳಗೆ ಭಾರಕ್ಕೆ ಹಾಕಿದ್ದು, ತಗೊಂಡು ಹೋಗಿ ಪಾಯಸ ಮಾಡಿಕೊಳ್ಳಿ ಅನ್ನುತ್ತಿದ್ದಳು. ಅವ್ವಂದಿರು ಖುಷಿಯಾಗಿ ಪೊಟ್ಟಣ ಬಿಚ್ಚದೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ನಾನು ಬ್ಯಾಗಿನ ವ್ಯಾಪಾರದವಳು, ಸುಮ್ಮನಿರುತ್ತೇನೆಯೇ? ಜಗಳಕ್ಕೇ ಹೋದೆ.

"ನಮ್ಮಂಗಡೀಲಿ ಬ್ಯಾಗಿನೊಳಗ ಹಳೇ ಪೇಪರ್ ತುರುಕ್ತೀವಿ. ಚೆಂದಾಗಿ ಉಬ್ಬಿ ನಿಲ್ತದ. ನೀನ್ಯಾಕ್ಕ ಒಳ್ಳೆ ಅಕ್ಕಿ ಹಾಳ್ ಮಾಡೀಯೆ?"

"ಪೇಪರ್ಗ ತೂಕ ಇಲ್ಲ ಕಣಮ್ಮಿ. ತೂಕ ಇಲ್ದಿದ್ರ ಹೆಗಲು ಸುಳ್ಳೇಳ್ತದ."

"ಹಂಗಾದ್ರ ಮರಳಾಕು."

"ಬಾಳಿ ಬದುಕೋ ಹೆಣ್ಗ ಮರಳಾಕೀಯಾ? ಓಗು, ನಿನ್ ಅಂಗಡಿ ನೋಡ್ಕ ಓಗು" ಅಂತ ಗದರಿಸಿಬಿಟ್ಟಳು. ಮೊಂಡಿ ಅಂದುಕೊಂಡು ನಾನೂ ಸುಮ್ಮನಾದೆ.

ಇನ್ನು ಅವತ್ತಿನ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ಬೇಸಿಗೆ. ಬಸ್ ಸ್ಟ್ಯಾಂಡಿನ ಹತ್ತಿರ ಡಿಜಿಟಲ್ ಸ್ಟುಡಿಯೋ ಬಂದು ಅಕ್ಕನ ಗಿರಾಕಿ ಆಗಲೇ ಕರಗಿತ್ತು. ಅಲ್ಲಿ ಕಂಪ್ಯೂಟರಿನಲ್ಲೇ ಬೇಕಾದ ಬ್ಯಾಗು ಅಂಟಿಸಿ ಕೊಡುತ್ತಾರೆ ಅಂತ ಜನ ಬೆರಗಾಗಿ ಮಾತಾಡುತ್ತಿದ್ದರು. ಇನ್ನೂ ಅಕ್ಕನ ಹತ್ತಿರ ಬರುತ್ತಿದ್ದವರು ಹಳ್ಳಿಯ ಅವ್ವಂದಿರು ಮಾತ್ರ. ಅವತ್ತು ಕುದೇರಿನಿಂದ ಶಿವರುದ್ರಮ್ಮ ಮಗಳು ರಮ್ಯಳನ್ನು ಕರೆದುಕೊಂಡು ಬಂದಳು. ಹುಡುಗಿ ಮುದ್ದಾಗಿದ್ದಳು, ಸ್ವಲ್ಪ ಕಪ್ಪು. ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ತಿಳಿಸುತ್ತೇವೆ ಅಂದವರು ತಿಳಿಸಿರಲಿಲ್ಲ. ಶಿವರುದ್ರಮ್ಮ ಹೆದರಿಕೊಂಡಿದ್ದಳು. "ಈಗ ಬಂದಿರೋದು ಮೈಸೂರ ಕಡೆ ಸಂಬಂಧ ಕಣವ್ವ. ಫೋಟೋ ಒಪ್ಪುದ್ರ ಬತ್ತೀವಿ ಅಂದವ್ರ. ಇದೂ ತಪ್ಪೋದ್ರ ಜನ ಮಗಿನ ಮ್ಯಾಲೆ ಇಲ್ಲದ್ದ ಹುಟ್ಟಾಕ್ತಾರ" ಅಂದಳು. ಹಾಗೆನ್ನುವಾಗ ಕಣ್ಣಲ್ಲಿ ನೀರು ತುಂಬಿತ್ತು.

ನಾನು ರಮ್ಯಳಿಗೆ ಹೂವು ಮುಡಿಸಿ, ಕುಂಕುಮ ಇಟ್ಟು, ಅವಳ ಅವ್ವನನ್ನು ನನ್ನಂಗಡಿಗೆ ಕರೆತಂದು ಕೂರಿಸಿದೆ. ಅಲ್ಲಿ ಅವಳ ಕಣ್ಣಿಗೆ ಒಂದು ಜೊತೆ ಜುಮುಕಿ ಬಿತ್ತು. ಇದನ್ನು ಹಾಕಿಕೊಂಡೇ ಫೋಟೋ ತೆಗೆಸಬೇಕು ಅನ್ನಿಸಿತು ನೋಡಿ, ಜುಮುಕಿ ಹಿಡಿದು ಎದ್ದವಳೇ ಒಂದೇ ಉಸಿರಿಗೆ ಸ್ಟುಡಿಯೋಕ್ಕೆ ನುಗ್ಗಿದಳು. "ಒಳಕ್ಕ ಓಗ್ಬೇಡ ಕಣವ್ವ" ಅಂತ ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಅವಳು ಒಳಕೋಣೆಯ ಪರದೆ ಸರಿಸಿಬಿಟ್ಟಿದ್ದಳು.

ರಮ್ಯ ತಲೆಯ ಮೇಲೆ ಸೆರಗು ಹೊದ್ದು, ಸ್ವಲ್ಪ ಬಗ್ಗಿ ನಿಂತಿದ್ದಳು. ಹೆಗಲಲ್ಲಿ ಬ್ಯಾಗು. ಅದರ ಬಾಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಿದ್ದಳು. ಗುರುಮಲ್ಲಕ್ಕನ ಎಡಗೈಯಲ್ಲಿ ತಟ್ಟೆ. ಅದರಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಅರಿಶಿನದ ಕೊಂಬು. ಬಲಗೈಯಿಂದ ಒಂದು ಹಿಡಿ ಅಕ್ಕಿ ತೆಗೆದು ಬ್ಯಾಗಿಗೆ ಸುರಿಯುತ್ತ, "ತಣ್ಣಗಿರು ಮಗ, ಹೋದ ಮನೇಲಿ ನಿನ್ ಮಾತು ನಡೀಲಿ" ಅನ್ನುತ್ತಿದ್ದಳು. ನನಗೆ ನಿಂತಲ್ಲೇ ಎಲ್ಲಾ ಅರ್ಥವಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಅಷ್ಟು ವರ್ಷ ಗೋಡೆಯಾಚೆ ಕೂತಿದ್ದೆ, ಭಾರಕ್ಕೆ ಅಂತಲೇ ನಂಬಿದ್ದೆ. ಒಬ್ಬ ಹುಡುಗಿಯೂ ಬಾಯಿ ಬಿಟ್ಟಿರಲಿಲ್ಲ, ಅರಿಶಿನ ಎಲೆ ಅಡಿಕೆ ಪೊಟ್ಟಣಕ್ಕೆ ಹೋಗುತ್ತಿರಲಿಲ್ಲ.

ಮದುವೆಯಾಗುವ ಹೆಣ್ಣಿನ ಸೆರಗಿಗೆ ಇವನ್ನೆಲ್ಲ ಹಾಕಿ ಹರಸುವುದೇ ಮಡಿಲು ತುಂಬುವುದು. ಮಡ್ಲಕ್ಕಿ ಅನ್ನುತ್ತೇವೆ. ಮುತ್ತೈದೆಯರೇ ಹಾಕಬೇಕು. ತಾಳಿ ಕಳೆದುಕೊಂಡವಳು ಆ ತಟ್ಟೆ ಮುಟ್ಟುವ ಹಾಗಿಲ್ಲ.

"ಅಯ್ಯಯ್ಯೋ! ಏನ್ ಮಾಡ್ತಿದ್ದೀರಿ ಅಮ್ಮಾರೇ ನನ್ ಮಗೀಗ?" ಶಿವರುದ್ರಮ್ಮನ ಕೂಗಿಗೆ ಬೀದಿಯೇ ತಿರುಗಿರಬೇಕು. ಹಾರಿಬಂದು ಮಗಳ ಹೆಗಲಿಂದ ಬ್ಯಾಗು ಎಳೆದು ನೆಲಕ್ಕೆ ಬೋರಲು ಹಾಕಿ ಕೊಡವಿದಳು. ಆ ರಭಸಕ್ಕೆ ಅಕ್ಕನ ಕೈಯ ತಟ್ಟೆಯೂ ಬಿತ್ತು. ಅಕ್ಕಿ ಕೋಣೆ ತುಂಬ ಚೆಲ್ಲಿತು.

ನಾನು ನಡುವೆ ನುಗ್ಗಿದೆ. "ಸುಮ್ನಿರು ಶಿವರುದ್ರಮ್ಮ. ಅದು ಬ್ಯಾಗಿಗ ಭಾರ ಕಣವ್ವ, ಫೋಟೋದಲ್ಲಿ ಚೆಂದಾಗಿ ಕಾಣ್ಲಿ ಅಂತ."

"ಭಾರಕ್ಕಾದ್ರ ಕಲ್ಲಾಕ್ಲಿ! ಅರಿಸಿನದ ಕೊಂಬ್ಯಾಕ? ಎಲೆ ಅಡಕ ಯಾಕ? ನಂಗೇನು ಕಣ್ ಕಾಣಕಿಲ್ವಾ?"

"ಅದ್ನ ನಾನೇ ನಮ್ಮಂಗಡಿಯಿಂದ..." ಅಂತ ಸುಳ್ಳು ಹೆಣೆಯುತ್ತಿದ್ದೆ. ಬಾಯಿಗೆ ಬಂದದ್ದು ಹೇಳಿ ಅವಳನ್ನು ಉಳಿಸಿಕೊಳ್ಳಬೇಕು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಗುರುಮಲ್ಲಕ್ಕ ನನ್ನ ತೋಳು ಹಿಡಿದಳು.

"ಸುಳ್ಳಾಡ್ಬೇಡ ಪುಟ್ಟಿ" ಅಂದಳು. ಆಮೇಲೆ ಶಿವರುದ್ರಮ್ಮನ ಕಡೆ ತಿರುಗಿದಳು. "ಊ ಕಣವ್ವ, ಮಡ್ಲಕ್ಕಿನೇ. ನಿನ್ ಮಗಳ್ಗ ಮಾತ್ರ ಅಲ್ಲ. ನಮ್ ಯಜಮಾನ್ರು ಓದ ಮ್ಯಾಲೆ ಈ ಕೋಣೆಗ ಬಂದ ಒಂದೊಂದು ಹೆಣ್ಗೂ ಆಕಿವ್ನಿ. ನಮ್ಮಣ್ಣನ ಮಗಳ ನಾನೇ ಎತ್ತಿ ಆಡ್ಸಿ ಬೆಳಸ್ದೆ. ಅವಳ ಮದ್ವೇಲಿ ಮಡ್ಲು ತುಂಬಕ್ಕ ಅಂತ ತಟ್ಟೆ ಎತ್ಕಂಡೆ. ನಮ್ಮತ್ತಿಗೆ ಬಂದು ಜನದೆದುರ್ಗ ನನ್ ಕೈಯಿಂದ ತಟ್ಟೆ ಕಿತ್ಕಂಡ್ಲು. ಮಡ್ಲಿಗ ಆಕ್ಬಾರ್ದು ಅಂದ್ರು, ಸರಿ. ಬ್ಯಾಗಿಗ ಆಕ್ಬಾರ್ದು ಅಂತ ಯಾರೂ ಅಂದಿಲ್ವಲ್ಲ?"

ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತೆ. ನಾವೆಲ್ಲ ಬಣ್ಣ ನೋಡಿ, ಜಿಪ್ಪು ಎಳೆದು ನೋಡಿ, ಫ್ಯಾಷನ್ನು ಫ್ಯಾಷನ್ನು ಅಂತ ಹೊತ್ತು ತಿರುಗಿದ ಬ್ಯಾಗಿನೊಳಗೆ ಈ ಹೆಂಗಸು ತನಗೊಂದು ದಾರಿ ಕಂಡುಕೊಂಡಿದ್ದಳು. ಒಂದು "ಭಾರಕ್ಕೆ" ಅಂದಿದ್ದರೆ ಸ್ಟುಡಿಯೋ ಉಳಿಯುತ್ತಿತ್ತು. ಅದನ್ನು ನಾನು ಬಾಯಿಗೇ ಇಟ್ಟುಕೊಟ್ಟಿದ್ದೆ. ಅವಳು ಉಗಿದುಬಿಟ್ಟಳು. ಇಂಥ ಎದೆ ನಾನು ಗಂಡಸರಲ್ಲೂ ಕಂಡಿಲ್ಲ, ದೇವರಾಣೆ.

ಶಿವರುದ್ರಮ್ಮ ಗುರುಮಲ್ಲಕ್ಕನ ಕಡೆ ಬೆರಳೆತ್ತಿದಳು. "ಊರೂರ್ಗೂ ಏಳ್ತೀನಿ. ನಾಳಿಂದ ಒಂದು ಹೆಣ್ಣು ಈ ಹೊಸಿಲು ದಾಟ್ಬಾರ್ದು. ನಡಿಯಮ್ಮಿ ರಮ್ಯ!" ಅಂದು ಬಾಗಿಲ ಕಡೆ ತಿರುಗಿ ಕಾಲೆತ್ತಿದಳು.

ಎತ್ತಿದ ಕಾಲು ಇಡಲು ಜಾಗವಿಲ್ಲ. ಅವಳೇ ಕೊಡವಿದ ಅಕ್ಕಿ ಸುತ್ತ ಹರಡಿತ್ತು. ಹೆಬ್ಬೆರಳ ಪಕ್ಕದಲ್ಲೇ ಅರಿಶಿನದ ಕೊಂಬು. ಮಡ್ಲಕ್ಕಿ ತುಳಿಯುವ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಶಿವರುದ್ರಮ್ಮ ಮೆಲ್ಲಗೆ ಕಾಲನ್ನು ಇದ್ದ ಜಾಗಕ್ಕೇ ಇಟ್ಟುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಯಾಕವ್ವ ನಿಂತ್ಬುಟ್ಟೆ? ತಾಳಿ ಇಲ್ದೋಳು ಆಕಿದ್ದು ಮಡ್ಲಕ್ಕಿ ಅಲ್ಲ ತಾನೆ? ತುಳ್ಕಂಡು ಓಗು!"

ಅವಳು ನೆಲ ನೋಡುತ್ತ ನಿಂತಳು.

ರಮ್ಯ ಕೆಳಗೆ ಕೂತಳು. ತಟ್ಟೆ ಎಳೆದುಕೊಂಡು ಒಂದೊಂದೇ ಕಾಳು ಬಾಚಿ ತುಂಬತೊಡಗಿದಳು.

"ಬುಡಮ್ಮಿ ಅದ" ಅಂದಳು ಅವ್ವ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಹೆಂಗ ಬುಡ್ಲವ್ವ?" ರಮ್ಯ ತಲೆ ಎತ್ತಲಿಲ್ಲ. "ನನ್ನ ನೋಡಕ್ಕ ಬಂದವ್ರು ತಿಂದು ಕೈ ತೊಳ್ಕಂಡು ಓದ್ರು. ಒಬ್ರೂ ಚೆಂದಾಗಿರವ್ವ ಅನ್ನಲಿಲ್ಲ. ಮನೇಲಿ ನೀನು ಅಳ್ತೀಯೆ, ಅಪ್ಪ ಮಾತಾಡಲ್ಲ. ನಂಗ ಒಳ್ಳೇದಾಗ್ಲಿ ಅಂತ ಬಾಯ್ಬುಟ್ಟು ಅಂದವ್ರು ಈವಮ್ಮ ಒಬ್ರೇಯ." ಆಮೇಲೆ ಅವ್ವನ ಪಾದದ ಹತ್ತಿರ ಬಂದು, "ವಸಿ ಕಾಲೆತ್ತವ್ವ" ಅಂದಳು.

ಶಿವರುದ್ರಮ್ಮ ಕಾಲೆತ್ತಿದಳು. ಕೆಳಗೆ ನಾಲ್ಕು ಕಾಳು ಸಿಕ್ಕಿಕೊಂಡಿದ್ದವು. ಅದನ್ನು ನೋಡಿ ಅವಳ ಮುಖ ಸಣ್ಣಗಾಯಿತು. ಬಗ್ಗಿ ತಾನೇ ಆ ಕಾಳು ಹೆಕ್ಕಿ ಕಣ್ಣಿಗೊತ್ತಿಕೊಂಡು ತಟ್ಟೆಗೆ ಹಾಕಿದಳು. ಹಾಗೇ ಕುಕ್ಕರಗಾಲಲ್ಲಿ ಕೂತು ಗೋಡೆ ಬದಿಯದನ್ನೂ ಬಾಚಿದಳು. ನಾನೂ ಕೂತೆ. ಗುರುಮಲ್ಲಕ್ಕ ಕ್ಯಾಮೆರಾದ ಕಾಲು ಹಿಡಿದುಕೊಂಡು ನಿಂತೇ ಇದ್ದಳು. ಅವಳು ಅಳುತ್ತಿದ್ದಳು.

ತಟ್ಟೆ ತುಂಬಿದ ಮೇಲೆ ರಮ್ಯ ಎದ್ದು ಅದನ್ನು ಗುರುಮಲ್ಲಕ್ಕನ ಕೈಗೆ ಕೊಟ್ಟಳು. ನೆಲದಲ್ಲಿ ಬಿದ್ದಿದ್ದ ಬ್ಯಾಗನ್ನು ಎತ್ತಿ ಧೂಳು ಒರೆಸಿ ಮೊಳೆಗೆ ತೂಗುಹಾಕಿದಳು. ವಾಪಸ್ಸು ಬಂದು ಎದುರಿಗೆ ನಿಂತು, ತಲೆ ಮೇಲೆ ಸೆರಗು ಎಳೆದುಕೊಂಡು, ಅದರ ತುದಿಯನ್ನು ಎರಡೂ ಕೈಯಲ್ಲಿ ಅಗಲವಾಗಿ ಒಡ್ಡಿದಳು.

"ಆಕಿ ಅಮ್ಮಾರೆ."

ಅಷ್ಟೆಲ್ಲ ಧೈರ್ಯವಾಗಿ ಮಾತಾಡಿದ ಗುರುಮಲ್ಲಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ ಕಣವ್ವ. ಬ್ಯಾಗ್ ತಕ್ಕ ಬಾ, ಅದಕ್ಕ ಆಕ್ತೀನಿ. ಮಡ್ಲಿಗ ನನ್ ಕೈ ಬರಕಿಲ್ಲ" ಅಂದಳು. ಅವಳ ಕಣ್ಣು ಶಿವರುದ್ರಮ್ಮನ ಮೇಲೆಯೇ ಇತ್ತು. ರಮ್ಯ ಸೆರಗು ಒಡ್ಡಿಕೊಂಡು ಹಾಗೇ ನಿಂತಿದ್ದಳು.

ಶಿವರುದ್ರಮ್ಮ ಎದ್ದಳು. ನೇರ ಗುರುಮಲ್ಲಕ್ಕನ ಹತ್ತಿರ ಹೋಗಿ ತಟ್ಟೆಗೆ ಕೈ ಹಾಕಿದಳು. ಇವಳೂ ಕಿತ್ತುಕೊಂಡಳಲ್ಲಾ ಶಿವನೇ ಅಂದುಕೊಂಡೆ. ಗುರುಮಲ್ಲಕ್ಕ ತಟ್ಟೆ ಬಿಟ್ಟುಕೊಟ್ಟಳು. ಶಿವರುದ್ರಮ್ಮ ಅದನ್ನು ತೆಗೆದುಕೊಂಡು ದೂರ ಹೋಗಲಿಲ್ಲ. ಅವಳ ಪಕ್ಕದಲ್ಲೇ, ಮಗಳಿಗೆ ಎದುರಾಗಿ, ತಟ್ಟೆ ಎತ್ತಿ ಹಿಡಿದು ನಿಂತಳು.

"ತಟ್ಟೆ ನಾ ಇಡ್ಕತೀನಿ ಅಮ್ಮಾರೆ" ಅಂದಳು. "ನೀವು ಎಲ್ಡು ಕೈಲೂ ಆಕಿ."